ಸೀಟು ಏರದ ಸೈಕಲ್ ಗುಜರಿಗೆ ಏಕೆ ಹೋಗಬೇಕು?

ಕೊಡಗಿನಲ್ಲಿ ಸೈಕಲ್ಲಿನ ಮಾತೆತ್ತಿದರೆ ನಗುವವರಿದ್ದಾರೆ. ಮಡಿಕೇರಿಯ ಏರಿನಲ್ಲಿ ಸೈಕಲ್ ತುಳಿಯುವುದಕ್ಕಿಂತ ತಳ್ಳುವುದೇ ಹೆಚ್ಚು ಎಂಬುದು ನಿಜ. ಆದರೆ ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಕುಶಾಲನಗರದ ಸಂಗತಿ ಬೇರೆ. ಕಾವೇರಿಯ ದಡದ ಈ ಊರಿನಿಂದ ಕೂಡಿಗೆ, ಹೆಬ್ಬಾಲೆ, ಶಿರಂಗಾಲದ ಕಡೆಗೆ ಹೊರಟರೆ ದಾರಿ ಬಹುಮಟ್ಟಿಗೆ ಸಮತಟ್ಟು. ಹೊಳೆ ದಾಟಿದರೆ ಮೈಸೂರು ಜಿಲ್ಲೆಯ ಬಯಲು. ಇಲ್ಲಿ ಸೈಕಲ್ ಇಂದಿಗೂ ಉಪಯೋಗಕ್ಕೆ ಬರುವ ವಾಹನ. ಶಾಲೆಗೆ ಹೋಗುವ ಮಕ್ಕಳಿಗಂತೂ ಬಸ್ಸಿನ ವೇಳೆಯ ಹಂಗಿಲ್ಲದೆ ಮನೆ ಸೇರಲು ಅದೇ ಆಧಾರ.

ರಾಜ್ಯ ಸರ್ಕಾರ 2006-07ನೇ ಸಾಲಿನಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಅದಕ್ಕೆ ಮೊದಲು ಬಂದ ಸೈಕಲ್‌ಗಳು ನಮ್ಮ ಕಡೆಯ ಅನೇಕ ಮನೆಗಳಲ್ಲಿ ಈಗಲೂ ಇವೆ. ಅಕ್ಕನಿಗೆ ಸಿಕ್ಕಿದ ಸೈಕಲ್ ತಮ್ಮನಿಗೆ ಬಂದಿರುತ್ತದೆ, ಇಲ್ಲವೇ ಕೊಟ್ಟಿಗೆಯ ಗೋಡೆಗೆ ಒರಗಿರುತ್ತದೆ. ಒರಗಿ ನಿಂತ ಸೈಕಲ್‌ಗಳ ಹತ್ತಿರ ಹೋಗಿ ನೋಡಿ. ಟೈರು ಸವೆದಿರಬಹುದು, ಚೈನು ಸಡಿಲವಾಗಿರಬಹುದು. ಅವೆಲ್ಲ ಅಂಗಡಿಯಲ್ಲಿ ಸರಿಯಾಗುವ ತೊಂದರೆಗಳು. ಆದರೆ ಸೀಟಿನ ಕೆಳಗಿನ ಬೋಲ್ಟನ್ನು ಪೂರ್ತಿ ಸಡಿಲಿಸಿದರೂ ಸೀಟು ಮೇಲಕ್ಕೂ ಬರುವುದಿಲ್ಲ, ಕೆಳಕ್ಕೂ ಇಳಿಯುವುದಿಲ್ಲ. ಸೈಕಲ್ ಅಂಗಡಿಯವರು ಸೀಟ್ ಪಿಲ್ಲರ್ ಎನ್ನುವ ಕೊಳವೆ ಫ್ರೇಮಿನ ಕೊಳವೆಯೊಳಗೆ ಕಚ್ಚಿಕೊಂಡು ಬಿಟ್ಟಿರುತ್ತದೆ.

ಇದು ಸಣ್ಣ ದೋಷವೆಂದು ನಮಗೆ ತೋರುತ್ತದೆ. ಸೈಕಲ್ ಓಡುತ್ತದಲ್ಲ, ಸೀಟು ಎಲ್ಲಿದ್ದರೇನು? ಆದರೆ ಎಂಟನೇ ತರಗತಿಯ ಮಕ್ಕಳು ಬೆಳೆಯುವ ವಯಸ್ಸಿನವರು. ಬೆಳವಣಿಗೆಯ ವೇಗ ತುದಿ ಮುಟ್ಟಿದಾಗ ಹುಡುಗರು ಒಂದೇ ವರ್ಷದಲ್ಲಿ ಎಂಟೊಂಬತ್ತು ಸೆಂಟಿಮೀಟರ್ ಎತ್ತರವಾಗುವುದುಂಟು. ಹುಡುಗಿಯರಲ್ಲಿ ಈ ಘಟ್ಟ ಇನ್ನೂ ಒಂದೆರಡು ವರ್ಷ ಮೊದಲೇ ಬರುತ್ತದೆ. ಸೀಟು ಏರದಿದ್ದರೆ ಕಾಲು ಪೂರ್ತಿ ಚಾಚಲು ಆಗದು; ಮಂಡಿ ಪ್ರತಿ ಸುತ್ತಿಗೂ ಅತಿಯಾಗಿ ಮಡಚುತ್ತದೆ, ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ಮೂರು ಕಿಲೋಮೀಟರ್ ತುಳಿಯುವ ಹೊತ್ತಿಗೆ ಕಾಲು ಸೋಲುತ್ತದೆ. ‘ಸೈಕಲ್ ಭಾರ ಎಳೆಯುತ್ತದೆ’ ಎಂದು ಮಕ್ಕಳು ಹೇಳುವಾಗ ಹಲವು ಬಾರಿ ತಪ್ಪು ಚೈನಿನದಲ್ಲ, ಸೀಟಿನದು. ಇನ್ನು ಸೀಟು ಎತ್ತರದಲ್ಲೇ ಕಚ್ಚಿಕೊಂಡಿದ್ದರೆ ಐದನೇ, ಆರನೇ ತರಗತಿಯ ತಮ್ಮ ತಂಗಿಯರು ಒಳಪೆಡಲ್ ಹೊಡೆಯುತ್ತಾರೆ. ನೋಡಲು ಚೆಂದ, ಆದರೆ ಲಾರಿ ಓಡಾಡುವ ಹೆದ್ದಾರಿಯ ಬದಿಯಲ್ಲಿ ಅದು ಅಪಾಯ.

ಸೈಕಲ್ಲಿನಿಂದ ಓದಿಗೆ ಎಷ್ಟು ಉಪಕಾರವೆಂಬುದಕ್ಕೆ ಆಧಾರವಿದೆ. ಬಿಹಾರದಲ್ಲಿ 2006ರಲ್ಲಿ ಪ್ರೌಢಶಾಲೆಯ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಈ ಯೋಜನೆಯಿಂದ ಶೇಕಡ 32ರಷ್ಟು ಹೆಚ್ಚಿತೆಂದು ಅವರು ಕಂಡುಕೊಂಡರು. ಇಷ್ಟು ದೊಡ್ಡ ಪರಿಣಾಮ ಬೀರುವ ವಸ್ತು, ಒಂದು ಇಂಚು ದಪ್ಪದ ಕೊಳವೆ ಅಲುಗದ ಕಾರಣಕ್ಕೆ ಮೂಲೆ ಸೇರುವುದನ್ನು ನಾವು ಶಿಕ್ಷಕರು ನೋಡಿಕೊಂಡು ಸುಮ್ಮನಿರಬಾರದು ಎಂಬುದು ನನ್ನ ಅಭಿಪ್ರಾಯ. ವಿಶೇಷವಾಗಿ ವಿಜ್ಞಾನ ಶಿಕ್ಷಕರು. ಏಕೆಂದರೆ ಆ ಕೊಳವೆಯೊಳಗೆ ಇರುವುದೆಲ್ಲ ನಮ್ಮದೇ ಪಾಠ.

ಕೊಳವೆಯೊಳಗೆ ನಡೆಯುವುದೇನು?

ಸರ್ಕಾರದ ಸೈಕಲ್‌ಗಳಂಥ ಸಾಮಾನ್ಯ ಸೈಕಲ್ಲಿನಲ್ಲಿ ಫ್ರೇಮು ಉಕ್ಕಿನದು, ಪಿಲ್ಲರೂ ಉಕ್ಕಿನದು. ಪಿಲ್ಲರಿನ ಮೇಲೆ ಹೊಳಪಿನ ಕ್ರೋಮಿಯಂ ಲೇಪನವಿರುತ್ತದೆ. ಫ್ರೇಮಿನ ಹೊರಮೈಗೆ ಬಣ್ಣವಿದೆ. ಒಳಮೈಗೆ ಸಾಮಾನ್ಯವಾಗಿ ರಕ್ಷಣೆ ಇಲ್ಲ. ಪಿಲ್ಲರನ್ನು ಬಿಗಿಯಲು ಕೊಳವೆಯ ಬಾಯಿಯಲ್ಲಿ ಒಂದು ಸೀಳು ಬಿಟ್ಟಿರುತ್ತಾರೆ. ಈ ಸೀಳು ಹಿಂದಿನ ಚಕ್ರದ ಕಡೆಗೆ ಮುಖ ಮಾಡಿರುತ್ತದೆ. ಮಳೆಗಾಲದಲ್ಲಿ ಚಕ್ರ ಎರಚುವ ಕೆಸರು ನೀರು, ಸೀಟಿನಿಂದ ಇಳಿಯುವ ಮಳೆನೀರು ಎರಡೂ ಅಲ್ಲಿಂದಲೇ ಒಳಕ್ಕೆ ಹೋಗುತ್ತವೆ.

ಎರಡು ಕೊಳವೆಗಳ ನಡುವಿನ ಸಂದು ಕಣ್ಣಿಗೆ ಕಾಣದಷ್ಟು ಕಿರಿದು. ಇಂಥ ಸಂದಿನಲ್ಲಿ ನೀರು ತಾನಾಗಿ ಹಬ್ಬುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ಕೇಶಾಕರ್ಷಣೆಯಿಂದ. ಹಬ್ಬಿದ ನೀರು ಬೇಗ ಆರುವುದಿಲ್ಲ, ಏಕೆಂದರೆ ಒಳಗೆ ಗಾಳಿಯಾಡುವುದಿಲ್ಲ. ಹೊರಗಿನ ಹ್ಯಾಂಡಲ್ಲು ಬಿಸಿಲಿಗೆ ಅರ್ಧ ಗಂಟೆಯಲ್ಲಿ ಒಣಗಿದರೆ ಕೊಳವೆಯ ಒಳಗೆ ತೇವ ದಿನಗಟ್ಟಲೆ ಉಳಿಯುತ್ತದೆ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಒಂದೆಡೆ ಸೇರಿದ ಮೇಲೆ ತುಕ್ಕು ಬಾರದಿರಲು ಸಾಧ್ಯವೇ? ಕ್ರೋಮಿಯಂ ಲೇಪನ ಎಲ್ಲಿ ಗೀರಿದೆಯೋ ಅಲ್ಲಿಂದ ಪಿಲ್ಲರಿಗೂ ತುಕ್ಕು ಅಂಟುತ್ತದೆ. ಕ್ರೋಮಿಯಂ ಬಳಿದ ಮಾತ್ರಕ್ಕೆ ಕಬ್ಬಿಣ ಸುರಕ್ಷಿತವೆಂದು ತಿಳಿಯಬೇಡಿ. ಸತುವಿನ ಲೇಪನ ಗೀರಿದರೆ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಕ್ರೋಮಿಯಂ ಹಾಗೆ ಮಾಡುವುದಿಲ್ಲ. ಗೀರಿನ ಜಾಗದ ಕಬ್ಬಿಣವೇ ಸವೆಯುತ್ತದೆ.

ಲವಣ ಸೇರಿದರೆ ಕೆಲಸ ಇನ್ನೂ ಬೇಗ. ಬೆವರಿನಲ್ಲಿ ಉಪ್ಪಿದೆ. ಶುಂಠಿ ಹೊಲಕ್ಕೆ, ಭತ್ತದ ಗದ್ದೆಗೆ ಗೊಬ್ಬರದ ಚೀಲ ಹೊತ್ತ ಸೈಕಲ್ಲಿನ ಮೇಲೆ ಗೊಬ್ಬರದ ಲವಣ ಬಿದ್ದಿರುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತಲ್ಲ, ಆಗ ಸೈಕಲ್‌ಗಳೂ ಮುಳುಗಿದವು. ನೀರಿಳಿದ ಮೇಲೆ ಜನ ಚಕ್ರ ತೊಳೆದರು, ಚೈನಿಗೆ ಎಣ್ಣೆ ಬಿಟ್ಟರು. ಫ್ರೇಮಿನ ಕೊಳವೆಯೊಳಗೆ ನಿಂತ ಕೆಸರನ್ನು ಯಾರು ನೆನೆದಾರು? ಮನೆಯ ಗೋಡೆಯೇ ಕುಸಿದಿದ್ದವರಿಗೆ ಅದನ್ನು ನೆನೆಯುವ ಮನಸ್ಸಾದರೂ ಎಲ್ಲಿತ್ತು?

ತುಕ್ಕು ಬಂದರೆ ಲೋಹ ಸವೆದು ಸಡಿಲವಾಗಬೇಕಿತ್ತು, ಬಿಗಿಯಾಗುವುದೇಕೆ? ಈ ಪ್ರಶ್ನೆಯನ್ನು ಮಕ್ಕಳಿಗೆ ಕೇಳಿ ನೋಡಿ. ತರಗತಿಯಲ್ಲಿ ಒಳ್ಳೆಯ ಚರ್ಚೆ ಏಳುತ್ತದೆ. ಉತ್ತರ ತುಕ್ಕಿನ ಗಾತ್ರದಲ್ಲಿದೆ. ಕಬ್ಬಿಣಕ್ಕೆ ಆಮ್ಲಜನಕವೂ ನೀರೂ ಸೇರಿದಾಗ ಉಂಟಾಗುವ ವಸ್ತು, ಮೂಲ ಕಬ್ಬಿಣಕ್ಕಿಂತ ಎರಡರಿಂದ ಮೂರು ಪಟ್ಟು ಜಾಗ ಬೇಡುತ್ತದೆ. ತೆರೆದ ಜಾಗದಲ್ಲಾದರೆ ಅದು ಪುಡಿಯಾಗಿ ಉದುರುತ್ತದೆ. ಕೊಳವೆಯ ಸಂದಿನಲ್ಲಿ ಉದುರಲು ಜಾಗವಿಲ್ಲ. ಆದ್ದರಿಂದ ಅದು ಎರಡೂ ಗೋಡೆಗಳನ್ನು ಒತ್ತುತ್ತದೆ, ಸುತ್ತಲೂ ಸಾವಿರ ಸಣ್ಣ ಬೆಣೆಗಳನ್ನು ಹೊಡೆದಂತೆ. ಹಳೆಯ ಆರ್‌ಸಿಸಿ ಚಾವಣಿಯಲ್ಲಿ ಒಳಗಿನ ಸರಳು ತುಕ್ಕು ಹಿಡಿದು ಕಾಂಕ್ರೀಟನ್ನು ಸಿಡಿಸುವುದೂ ಇದೇ ಕಾರಣಕ್ಕೆ. ನಮ್ಮ ಹಳೆಯ ಶಾಲಾ ಕಟ್ಟಡಗಳಲ್ಲಿ ಉದಾಹರಣೆ ಹುಡುಕಲು ಕಷ್ಟಪಡಬೇಕಾಗಿಲ್ಲ.

ಈಚಿನ ಕೆಲವು ಸೈಕಲ್‌ಗಳಲ್ಲಿ ಉಕ್ಕಿನ ಫ್ರೇಮಿಗೆ ಅಲ್ಯೂಮಿನಿಯಂ ಪಿಲ್ಲರ್ ಹಾಕಿರುತ್ತಾರೆ. ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಎರಡು ಬೇರೆ ಲೋಹಗಳ ನಡುವೆ ಲವಣದ ನೀರು ನಿಂತರೆ ಅದೊಂದು ವಿದ್ಯುತ್ಕೋಶ. ವೋಲ್ಟಾ 1800ರಲ್ಲಿ ಲೋಕಕ್ಕೆ ತಿಳಿಸಿದ್ದು, ನಾವು ನಿಂಬೆಹಣ್ಣಿಗೆ ತಾಮ್ರ ಮತ್ತು ಸತುವನ್ನು ಚುಚ್ಚಿ ತೋರಿಸುವುದು ಇದನ್ನೇ. ಈ ಕೋಶದಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ಸವೆದು ಉಂಟಾಗುವ ಬಿಳಿಯ ಹೈಡ್ರಾಕ್ಸೈಡ್ ಮೂಲ ಲೋಹದ ಮೂರು ಪಟ್ಟಿಗೂ ಹೆಚ್ಚು ಜಾಗ ತುಂಬುತ್ತದೆ. ಆದ್ದರಿಂದ ಉಕ್ಕಿನಲ್ಲಿ ಉಕ್ಕು ಕಚ್ಚಿಕೊಂಡದ್ದಕ್ಕಿಂತ ಉಕ್ಕಿನಲ್ಲಿ ಅಲ್ಯೂಮಿನಿಯಂ ಕಚ್ಚಿಕೊಂಡದ್ದನ್ನು ಬಿಡಿಸುವುದು ಹೆಚ್ಚು ತ್ರಾಸದ ಕೆಲಸ. ನಿಮ್ಮೆದುರಿನ ಸೈಕಲ್ ಯಾವ ಬಗೆಯದೆಂದು ತಿಳಿಯಲು ಒಂದು ಅಯಸ್ಕಾಂತ ಸಾಕು. ಪಿಲ್ಲರಿಗೆ ಅದು ಅಂಟಿದರೆ ಉಕ್ಕು, ಅಂಟದಿದ್ದರೆ ಅಲ್ಯೂಮಿನಿಯಂ. ಈ ಪರೀಕ್ಷೆಯನ್ನು ಮೊದಲು ಮಾಡಿ. ಮುಂದಿನ ಹೆಜ್ಜೆಗಳು ಅದರ ಮೇಲೆ ನಿಂತಿವೆ.

ಎಣ್ಣೆ ಮೊದಲು, ಬಲ ಆಮೇಲೆ

ಕಚ್ಚಿಕೊಂಡ ಪಿಲ್ಲರನ್ನು ಕಂಡ ಕೂಡಲೇ ನಮ್ಮವರು ಮಾಡುವುದು ಎರಡು ಕೆಲಸ. ಒಬ್ಬರು ಸೀಟನ್ನು ಹಿಡಿದು ಎಳೆಯುತ್ತಾರೆ, ಇನ್ನೊಬ್ಬರು ಫ್ರೇಮಿನ ಮೇಲೆ ಕಾಲಿಡುತ್ತಾರೆ. ಅದಾಗದಿದ್ದರೆ ಸುತ್ತಿಗೆ. ಎರಡಕ್ಕೂ ನನ್ನ ಆಕ್ಷೇಪವಿದೆ.

ಮೊದಲು ಬೋಲ್ಟನ್ನು ಸಡಿಲಿಸುವುದಷ್ಟೇ ಅಲ್ಲ, ಪೂರ್ತಿ ತೆಗೆದುಬಿಡಿ. ಸೀಳಿನಲ್ಲಿರುವ ಕೆಸರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಪಿಲ್ಲರಿನ ಸುತ್ತಲೂ, ಸೀಳಿನೊಳಕ್ಕೂ ತೆಳುವಾದ ಎಣ್ಣೆ ಬಿಡಿ. ಇಲ್ಲಿ ‘ತೆಳು’ ಎಂಬ ಮಾತು ಮುಖ್ಯ. ಗ್ರೀಸ್ ಇಲ್ಲಿ ಪ್ರಯೋಜನವಿಲ್ಲ. ಅದರ ಸ್ನಿಗ್ಧತೆ ಹೆಚ್ಚು, ಸಂದಿನೊಳಕ್ಕೆ ಇಳಿಯದು. ಹಿಂದೆ ಎಲ್ಲರೂ ಸೀಮೆಎಣ್ಣೆ ಬಳಸುತ್ತಿದ್ದರು. ಈಗ ಅದು ಮೊದಲಿನಂತೆ ಸಿಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಗಳಲ್ಲಿ ತುಕ್ಕು ಬಿಡಿಸುವ ಎಣ್ಣೆಗಳ ಡಬ್ಬಿ ದೊರೆಯುತ್ತವೆ. ಅವುಗಳಲ್ಲಿ ಹೆಸರಾದ ಡಬ್ಲ್ಯುಡಿ-40 ಹುಟ್ಟಿದ ಕಥೆಯನ್ನು ಮಕ್ಕಳಿಗೆ ಹೇಳಬಹುದು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕ್ಷಿಪಣಿಗಳಿಗೆ ತುಕ್ಕು ಹಿಡಿಯದಂತೆ ತಡೆಯಲು ನೀರನ್ನು ಹೊರದಬ್ಬುವ ದ್ರವಕ್ಕಾಗಿ ಪ್ರಯತ್ನ ನಡೆಯಿತು. ಸರಿಯಾದ ಮಿಶ್ರಣ ಸಿಕ್ಕಿದ್ದು ನಲವತ್ತನೆಯ ಪ್ರಯತ್ನದಲ್ಲಿ. ಹೆಸರಿನಲ್ಲಿರುವ 40 ಅದೇ.

ಎಣ್ಣೆ ಬಿಟ್ಟು ಐದು ನಿಮಿಷಕ್ಕೆ ಎಳೆದು ನೋಡಿ ‘ಪ್ರಯೋಜನವಿಲ್ಲ’ ಎನ್ನುವವರೇ ಹೆಚ್ಚು. ಕೂದಲೆಳೆಗಿಂತ ಕಿರಿದಾದ ಸಂದಿನಲ್ಲಿ, ಅದೂ ತುಕ್ಕು ತುಂಬಿದ ಸಂದಿನಲ್ಲಿ, ಎಣ್ಣೆ ಮೂರ್ನಾಲ್ಕು ಇಂಚು ಇಳಿಯಲು ಸಮಯ ಬೇಕು. ಒಂದು ರಾತ್ರಿಯಾದರೂ ಬಿಡಿ. ಮೂರು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ದಿನಕ್ಕೆರಡು ಬಾರಿ ಎಣ್ಣೆ ಬಿಟ್ಟು, ಮರದ ತುಂಡನ್ನು ಅಡ್ಡವಿಟ್ಟು ಪಿಲ್ಲರಿನ ತಲೆಯನ್ನು ಮೆಲ್ಲಗೆ ತಟ್ಟಿ. ತಟ್ಟುವುದು ಹೊರತೆಗೆಯಲಿಕ್ಕಲ್ಲ. ಕಂಪನದಿಂದ ಪೆಡಸಾದ ತುಕ್ಕಿನಲ್ಲಿ ಬಿರುಕು ಬೀಳುತ್ತದೆ. ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಸೀಟನ್ನು ಮೇಲಕ್ಕೆ ತೆಗೆಯುವ ಮೊದಲು ಕೂದಲೆಳೆಯಷ್ಟು ಕೆಳಕ್ಕೆ ಇಳಿಸಲು ಸಾಧ್ಯವಾದರೆ ಅರ್ಧ ಗೆದ್ದಂತೆ. ಒಮ್ಮೆ ಅಲುಗಿದ್ದು ಮತ್ತೆ ಅಲುಗುತ್ತದೆ. ಮೇಲಿನಿಂದ ಎಣ್ಣೆ ಇಳಿಯದೆ ಹೋದರೆ ಪೆಡಲಿನ ಅಚ್ಚನ್ನು ಅಂಗಡಿಯಲ್ಲಿ ಬಿಚ್ಚಿಸಿ, ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ, ಕೆಳಗಿನ ಬಾಯಿಯಿಂದ ಎಣ್ಣೆ ಬಿಡಬಹುದು. ಆಗ ಗುರುತ್ವವೂ ನಮ್ಮ ಕಡೆ ಕೆಲಸ ಮಾಡುತ್ತದೆ.

ಇನ್ನು ಬಲದ ಮಾತು. ಎಳೆಯುವುದಕ್ಕಿಂತ ತಿರುಚುವುದು ಏಕೆ ಮೇಲು? ಎಳೆದರೆ ನಮ್ಮ ಬಲ ಎಷ್ಟೋ ಅಷ್ಟೇ ಪಿಲ್ಲರಿಗೆ ತಲಪುತ್ತದೆ. ತಿರುಚಿದರೆ ಸನ್ನೆಯ ಲಾಭ ಸಿಗುತ್ತದೆ. ಪಿಲ್ಲರಿನ ದಪ್ಪ ಒಂದು ಇಂಚು ಎಂದರೆ 25.4 ಮಿಲಿಮೀಟರ್, ಅದರ ತ್ರಿಜ್ಯ 12.7 ಮಿಲಿಮೀಟರ್. ಪಿಲ್ಲರಿನ ತಲೆಗೆ ಪೈಪ್ ರೆಂಚ್ ಕಚ್ಚಿಸಿ, 60 ಸೆಂಟಿಮೀಟರ್ ದೂರದಲ್ಲಿ ಹಿಡಿದು ತಿರುಗಿಸಿದೆವೆನ್ನಿ. 600ನ್ನು 12.7ರಿಂದ ಭಾಗಿಸಿದರೆ ಸುಮಾರು 47. ನಮ್ಮ ಕೈ 20 ಕಿಲೋಗ್ರಾಂ ತೂಕದಷ್ಟು ಬಲ ಹಾಕಿದರೆ ತುಕ್ಕಿನ ಪದರದ ಮೇಲೆ ಬೀಳುವುದು ಸುಮಾರು 940 ಕಿಲೋಗ್ರಾಂ ತೂಕದಷ್ಟು ಬಲ! ಯಾವ ಪೈಲ್ವಾನನೂ ಹೀಗೆ ಎಳೆಯಲಾರ. ಆರು ಮತ್ತು ಏಳನೇ ತರಗತಿಯ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಬಲ್ಲರು.

ಇಷ್ಟು ಬಲ ಕೈಗೆ ಬಂದಾಗ ಎಚ್ಚರವೂ ಬೇಕು. ಸೀಟನ್ನೇ ಹಿಡಿದು ತಿರುಚಿದರೆ ಸೀಟಿನ ಕ್ಲಾಂಪು ಜಾರುತ್ತದೆ, ಪಿಲ್ಲರ್ ಅಲ್ಲ. ರೆಂಚ್ ಹಚ್ಚಿದರೆ ಕ್ರೋಮಿಯಂ ಹೋಗುತ್ತದೆ. ಆ ಪಿಲ್ಲರನ್ನು ಬದಲಿಸಲು ಸಿದ್ಧರಿರಬೇಕು. ಹೊಸ ಪಿಲ್ಲರಿನ ಬೆಲೆ ಫ್ರೇಮಿನ ಮುಂದೆ ಏನೂ ಅಲ್ಲ. ಐಟಿಐಯಲ್ಲೋ ಲೇತ್ ಅಂಗಡಿಯಲ್ಲೋ ಭದ್ರವಾದ ಬೆಂಚ್ ವೈಸ್ ಇದ್ದರೆ ಇನ್ನೂ ಒಳ್ಳೆಯ ಉಪಾಯವಿದೆ. ಸೈಕಲನ್ನು ತಲೆಕೆಳಗೆ ಮಾಡಿ, ಸೀಟು ಕಳಚಿದ ಪಿಲ್ಲರನ್ನು ವೈಸಿನಲ್ಲಿ ಬಿಗಿದು, ಫ್ರೇಮನ್ನೇ ಸನ್ನೆಗೋಲಾಗಿ ಬಳಸಿ ತಿರುಗಿಸುವುದು. ಇಬ್ಬರು ಎರಡು ಬದಿ ಹಿಡಿದು ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಅಲುಗಿಸಬೇಕು. ಒಂದೇ ಬಾರಿಗೆ ಜಗ್ಗಿದರೆ ಫ್ರೇಮು ಸೊಟ್ಟಗಾದೀತು. ‘ಕಿರ್’ ಎಂಬ ಸದ್ದು ಬಂದ ಕ್ಷಣ ನಿಲ್ಲಿಸಿ, ಮತ್ತೆ ಎಣ್ಣೆ ಬಿಟ್ಟು, ಆಮೇಲೆ ಮುಂದುವರಿಸಿ.

ಬೆಂಕಿಯ ವಿಷಯದಲ್ಲಿ ನನಗೆ ಖಚಿತ ನಿಲುವಿದೆ. ಗ್ಯಾಸ್ ವೆಲ್ಡಿಂಗ್ ಅಂಗಡಿಗೆ ಸೈಕಲ್ ತಂದ ಕೂಡಲೇ ಜ್ವಾಲೆ ಹಿಡಿಯುವ ಅಭ್ಯಾಸ ಬೆಳೆದಿದೆ. ‘ಕಾಯಿಸಿದರೆ ಬರುತ್ತೆ ಸರ್’ ಎಂಬುದು ಅವರ ಸಿದ್ಧ ಉತ್ತರ. ಯಾವುದನ್ನು ಕಾಯಿಸುತ್ತೀರಿ ಎಂಬುದೇ ಪ್ರಶ್ನೆ. ಉಕ್ಕಿನ ಕೊಳವೆ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಅದರ ಒಂದು ಇಂಚು ಬಾಯಿ ಹಿಗ್ಗುವುದು 0.03 ಮಿಲಿಮೀಟರ್ ಮಾತ್ರ. ಒಂದು ಕೂದಲಿನ ಅರ್ಧವೂ ಅಲ್ಲ. ಅದೂ ಹೊರಗಿನದು ಕಾದು ಒಳಗಿನದು ತಣ್ಣಗಿದ್ದರೆ ಮಾತ್ರ ಲಾಭ. ನಿಧಾನವಾಗಿ ಕಾಯಿಸಿದರೆ ಒಳಗಿನ ಪಿಲ್ಲರೂ ಅಷ್ಟೇ ಹಿಗ್ಗುತ್ತದೆ, ಗಳಿಸಿದ್ದು ಸೊನ್ನೆ. ಪಿಲ್ಲರ್ ಅಲ್ಯೂಮಿನಿಯಂದಾದರೆ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎರಡನ್ನೂ ಒಟ್ಟಿಗೆ ಕಾಯಿಸಿದರೆ ಪಿಲ್ಲರ್ ಇನ್ನಷ್ಟು ಬಿಗಿಯಾಗುತ್ತದೆ. ಅಲ್ಲಿ ಬೇಕಾದುದು ತಂಪು. ಐಸ್ ತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿ ಪಿಲ್ಲರಿಗೆ ಸುತ್ತಿಟ್ಟರೆ ಅದು ಫ್ರೇಮಿಗಿಂತ ಹೆಚ್ಚು ಕುಗ್ಗುತ್ತದೆ. ಅಂತರ ಬಹಳ ಸಣ್ಣದು, ಆದರೂ ಅಂಟು ಬಿರುಕು ಬಿಡಲು ಕೆಲವೊಮ್ಮೆ ಅಷ್ಟು ಸಾಕು.

ಅಯಸ್ಕಾಂತದ ಪರೀಕ್ಷೆ ಮೊದಲು ಎಂದದ್ದು ಇದಕ್ಕೇ. ಉಕ್ಕಿನ ಪಿಲ್ಲರಿಗೆ, ಎಣ್ಣೆಯೂ ತಿರುಚುವಿಕೆಯೂ ಸೋತ ಮೇಲೆ, ಫ್ರೇಮಿನ ಬಾಯಿಗೆ ಕುದಿನೀರು ಸುರಿದು ಕೂಡಲೇ ತಿರುಚಿ ನೋಡಬಹುದು. ಈ ಕೆಲಸ ದೊಡ್ಡವರದು, ಮಕ್ಕಳು ದೂರ ನಿಲ್ಲಬೇಕು. ಜ್ವಾಲೆ ಹಿಡಿಯುವುದೇ ಆದರೆ ಅದು ಅನುಭವಿ ಮಿಸ್ತ್ರಿಯ ಕೈಯಲ್ಲಿ, ಎಣ್ಣೆಯನ್ನು ಒರೆಸಿ ತೆಗೆದ ಮೇಲೆ, ಬಯಲಿನಲ್ಲಿ. ಎಣ್ಣೆ ಹೊತ್ತಿಕೊಳ್ಳುತ್ತದೆ, ಬಣ್ಣ ಸುಟ್ಟ ಹೊಗೆ ವಿಷ. ಅಲ್ಯೂಮಿನಿಯಂ ಪಿಲ್ಲರನ್ನು ಕಾಸ್ಟಿಕ್ ಸೋಡಾ ಹಾಕಿ ಕರಗಿಸಬಹುದೆಂದು ಹೇಳುವವರಿದ್ದಾರೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಅದು ಸರಿ. ಆದರೆ ಆ ಕ್ರಿಯೆಯಲ್ಲಿ ಜಲಜನಕ ಹೊರಬರುತ್ತದೆ, ದ್ರಾವಣ ಕುದಿಯುವಷ್ಟು ಬಿಸಿಯಾಗುತ್ತದೆ, ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ಶಾಲೆಯ ಅಂಗಳದಲ್ಲಿ ಅದಕ್ಕೆ ಜಾಗವಿಲ್ಲ.

ಎಲ್ಲವೂ ಸೋತರೆ ಉಳಿಯುವುದು ಗರಗಸ. ಪಿಲ್ಲರನ್ನು ಫ್ರೇಮಿನ ಬಾಯಿಯಿಂದ ಒಂದು ಇಂಚು ಮೇಲೆ ಕೊಯ್ದು, ಹ್ಯಾಕ್ಸಾ ಬ್ಲೇಡನ್ನು ಕೊಳವೆಯೊಳಕ್ಕೆ ಇಳಿಸಿ, ಒಳಗಿನಿಂದ ಉದ್ದಕ್ಕೆ ಎರಡು ಗೀಟು ಹಾಕಿ, ಪಟ್ಟಿಯನ್ನು ಒಳಕ್ಕೆ ಮಡಚಿ ಎಳೆಯುವುದು. ಒಂದೆರಡು ಗಂಟೆ ಬೆವರಿಳಿಸುವ ಕೆಲಸ. ಬ್ಲೇಡು ಒಂದಿಷ್ಟು ಹೆಚ್ಚು ಆಳಕ್ಕೆ ಹೋದರೆ ಫ್ರೇಮಿಗೇ ಗಾಯ. ಆದರೂ ಫ್ರೇಮು ಉಳಿಯುತ್ತದೆ, ಸೈಕಲ್ ಉಳಿಯುತ್ತದೆ.

ಇದು ವಿಜ್ಞಾನವೇ, ಮಿಸ್ತ್ರಿಯ ಕೆಲಸವೇ?

ತರಬೇತಿಗಳಲ್ಲಿ ಈ ವಿಷಯ ಎತ್ತಿದಾಗ ಶಿಕ್ಷಕ ಮಿತ್ರರಿಂದ ಎರಡು ಆಕ್ಷೇಪ ಕೇಳಿದ್ದೇನೆ. ಒಂದು, ಇದು ಮಿಸ್ತ್ರಿಯ ಕೆಲಸ, ಪಠ್ಯದಲ್ಲಿ ಇಲ್ಲ. ಇನ್ನೊಂದು, ಮಕ್ಕಳ ಕೈಗೆ ಪೆಟ್ಟಾದರೆ ಯಾರು ಹೊಣೆ. ಎರಡನೆಯದನ್ನು ನಾನು ಗೌರವಿಸುತ್ತೇನೆ. ರೆಂಚು, ಕುದಿನೀರು, ಗರಗಸ ಇವುಗಳನ್ನು ಮಕ್ಕಳಿಗೆ ಕೊಡಬಾರದು. ಎಣ್ಣೆ ಬಿಡುವುದು, ಅಯಸ್ಕಾಂತ ಹಿಡಿಯುವುದು, ಅಳೆಯುವುದು, ದಿನಾಂಕ ಬರೆದಿಡುವುದು ಮಕ್ಕಳ ಪಾಲು. ಉಳಿದದ್ದು ನಮ್ಮ ಪಾಲು, ಅಥವಾ ಊರಿನ ಸೈಕಲ್ ಮಿಸ್ತ್ರಿಯ ಪಾಲು. ಅವರನ್ನು ಒಂದು ಮಧ್ಯಾಹ್ನ ಶಾಲೆಗೆ ಕರೆಯಿರಿ. ಅವರ ಕೈಗೆ ತಿಳಿದಿರುವುದನ್ನು ನಮ್ಮ ಪುಸ್ತಕ ಬೇರೆ ಮಾತಿನಲ್ಲಿ ಹೇಳುತ್ತದೆ. ಎರಡೂ ಎದುರಾದಾಗ ಮಕ್ಕಳು ಕೇಳುವ ಪ್ರಶ್ನೆಗಳೇ ಬೇರೆ.

ಮೊದಲನೆಯ ಆಕ್ಷೇಪವನ್ನು ಮಾತ್ರ ನಾನು ಒಪ್ಪಲಾರೆ. ತುಕ್ಕು ಒಂದು ಪಾಠದಲ್ಲಿ, ಘರ್ಷಣೆ ಇನ್ನೊಂದರಲ್ಲಿ, ಉಷ್ಣದಿಂದ ಹಿಗ್ಗುವುದು ಮತ್ತೊಂದರಲ್ಲಿ, ಸನ್ನೆ ಬೇರೆಲ್ಲೋ. ಪ್ರತಿಯೊಂದಕ್ಕೂ ಬೇರೆ ಬೇರೆ ಉದಾಹರಣೆ. ತುಕ್ಕಿಗೆ ಬಂದರೆ ಪ್ರತಿವರ್ಷವೂ ಮೂರು ಪ್ರನಾಳ, ಮೂರು ಮೊಳೆ. ಆ ಪ್ರಯೋಗ ಒಳ್ಳೆಯದೇ. ತುಕ್ಕಿಗೆ ನೀರೂ ಗಾಳಿಯೂ ಬೇಕೆಂದು ಅದು ತೋರಿಸುತ್ತದೆ. ಆದರೆ ತುಕ್ಕು ಏನು ಮಾಡುತ್ತದೆ ಎಂಬುದನ್ನು ಅದು ತೋರಿಸುವುದಿಲ್ಲ. ಮೊಳೆ ಕೆಂಪಾದರೆ ಮಗುವಿಗೆ ನಷ್ಟವೇನು? ಅಕ್ಕನ ಸೈಕಲ್ ತನಗೆ ಸಿಗದೆ ಹೋದರೆ ನಷ್ಟ ಗೊತ್ತಾಗುತ್ತದೆ.

ಅದಕ್ಕಾಗಿ ಮೊಳೆಯ ಪ್ರಯೋಗದ ಜೊತೆಗೆ ಇನ್ನೊಂದನ್ನು ಸೂಚಿಸುತ್ತೇನೆ. ಹಾರ್ಡ್‌ವೇರ್ ಅಂಗಡಿಯಿಂದ ಒಂದೇ ಅಳತೆಯ ನಾಲ್ಕು ನಟ್ಟು ಬೋಲ್ಟು ತನ್ನಿ. ಸತುವಿನ ಹೊಳಪಿರುವುದು ಬೇಡ, ಕಪ್ಪು ಬೋಲ್ಟ್ ಕೇಳಿ. ಹೊಳಪಿನದಕ್ಕೆ ಬೇಗ ತುಕ್ಕು ಬಾರದು. ಮೊದಲು ನಾಲ್ಕನ್ನೂ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಕಾರ್ಖಾನೆಯ ಎಣ್ಣೆ ಹೋಗಲಿ. ಒಂದನ್ನು ಹಾಗೆಯೇ ಬಿಡಿ, ಒಂದರ ಎಳೆಗಳಿಗೆ ಅಡುಗೆ ಎಣ್ಣೆ, ಒಂದಕ್ಕೆ ಗ್ರೀಸ್, ಒಂದಕ್ಕೆ ಉಪ್ಪು ನೀರು. ಪಾನಾದ ತುದಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಪಾನಾಕ್ಕೆ ಲಂಬವಾಗಿ ಎಳೆಯುತ್ತಾ, ತಕ್ಕಡಿ ಎರಡು ಕಿಲೋಗ್ರಾಂ ತೋರಿಸುವವರೆಗೆ ಪ್ರತಿಯೊಂದನ್ನೂ ಬಿಗಿಯಿರಿ. ಆಮೇಲೆ ನಾಲ್ಕನ್ನೂ ಶಾಲೆಯ ಸೂರಿನಂಚಿನಲ್ಲಿ, ಎರಚಲು ಬೀಳುವಲ್ಲಿ ಇಡಿ. ಜೂನ್‌ನಲ್ಲಿ ಇಟ್ಟದ್ದನ್ನು ಆಗಸ್ಟ್‌ನಲ್ಲಿ ತೆಗೆದು, ಅದೇ ತಕ್ಕಡಿಯಿಂದ ಬಿಚ್ಚಿ. ಪ್ರತಿಯೊಂದೂ ಎಷ್ಟಕ್ಕೆ ಬಿಟ್ಟಿತೆಂದು ಬರೆಯಿರಿ. ಯಾವುದಾದರೂ ತಕ್ಕಡಿಯ ಅಳತೆ ಮೀರಿದರೆ ‘ಅಳತೆ ಮೀರಿತು’ ಎಂದೇ ಬರೆಯಿರಿ, ಅದೂ ಒಂದು ಫಲಿತಾಂಶ. ಖರ್ಚು ಅತ್ಯಲ್ಪ. ಬಿಗಿತ ಎಂಬ ಮಾತು ಇಲ್ಲಿ ಸಂಖ್ಯೆಯಾಗುತ್ತದೆ.

ಇನ್ನು ಸೈಕಲ್‌ಗಳ ವಿಷಯ. ಯೋಜನೆ ಸೈಕಲ್ ಕೊಟ್ಟಿತು. ಅದನ್ನು ಇಟ್ಟುಕೊಳ್ಳುವ ಬಗೆಯನ್ನು ಹೇಳಿಕೊಡುವ ಕೆಲಸ ನಮ್ಮ ಶಾಲೆಗಳಲ್ಲಿ ಆಗಬೇಕಿತ್ತು. ಈಗಲಾದರೂ ಪ್ರತಿ ಕ್ಲಸ್ಟರಿಗೆ ಎರಡು ಪಾನಾ, ಒಂದು ಎಣ್ಣೆ ಡಬ್ಬಿ, ಒಂದು ಗ್ರೀಸ್ ಡಬ್ಬಿ ಇರಲಿ. ವಿಜ್ಞಾನ ಸಂಘದ ಮಕ್ಕಳು ವರ್ಷಕ್ಕೆ ಎರಡು ಬಾರಿ, ಶಾಲೆ ತೆರೆದ ವಾರದಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ, ಶಾಲೆಗೆ ಬರುವ ಎಲ್ಲ ಸೈಕಲ್‌ಗಳ ಪಿಲ್ಲರನ್ನು ಹೊರತೆಗೆದು ಒರೆಸಿ, ತೆಳುವಾಗಿ ಗ್ರೀಸ್ ಹಚ್ಚಿ ಮತ್ತೆ ಹಾಕಲಿ. ಒಂದು ಸೈಕಲ್‌ಗೆ ಐದು ನಿಮಿಷ ಸಾಕು. ಗ್ರೀಸ್ ಇದ್ದಲ್ಲಿ ನೀರು ನಿಲ್ಲದು. ತೆಗೆಯುವ ಮೊದಲು ಪಿಲ್ಲರಿನ ಮೇಲೆ ಬಣ್ಣದ ಟೇಪಿನಿಂದ ಗುರುತು ಮಾಡಿದರೆ ಮತ್ತೆ ಅದೇ ಎತ್ತರಕ್ಕೆ ಕೂರಿಸುವುದು ಸುಲಭ. ಕಚ್ಚಿಕೊಂಡದ್ದು ಸಿಕ್ಕಿದರೆ ಅದನ್ನು ಬೇರೆ ಪಟ್ಟಿಯಲ್ಲಿ ಬರೆದು, ಎಣ್ಣೆ ಬಿಟ್ಟ ದಿನಾಂಕ ನಮೂದಿಸಲಿ.

ಪಿಲ್ಲರ್ ಬಿಟ್ಟುಕೊಂಡ ಮೇಲೆ ಸೀಟನ್ನು ಎಷ್ಟು ಏರಿಸಬೇಕು? ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ಅತಿ ಕೆಳಗಿರುವ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗಬೇಕು. ತುಳಿಯುವಾಗ ಮುಂಗಾಲು ಪೆಡಲಿನ ಮೇಲಿರುತ್ತದೆ, ಆಗ ಮಂಡಿ ಸ್ವಲ್ಪ ಬಾಗಿರುತ್ತದೆ. ಹೊಸದಾಗಿ ಕಲಿಯುವ ಮಕ್ಕಳಿಗೆ ಮಾತ್ರ ಎರಡೂ ಪಾದ ನೆಲ ಮುಟ್ಟುವಷ್ಟು ಕೆಳಗಿರಲಿ. ಏರಿಸುವಾಗ ಒಂದು ಮಿತಿ ಇದೆ. ಪಿಲ್ಲರಿನ ಮೇಲೆ ಗೆರೆಯ ಗುರುತಿದ್ದರೆ ಅದು ಹೊರಗೆ ಕಾಣಬಾರದು. ಗುರುತಿಲ್ಲದಿದ್ದರೆ ಎರಡೂವರೆ ಇಂಚಿಗೆ ಕಡಿಮೆಯಿಲ್ಲದಂತೆ ಪಿಲ್ಲರ್ ಒಳಗಿರಬೇಕು. ಅದಕ್ಕಿಂತ ಹೊರಕ್ಕೆಳೆದರೆ ಕೊಳವೆಯ ಬಾಯಿ ಸೀಳೀತು, ಇಲ್ಲವೇ ಪಿಲ್ಲರ್ ಮುರಿದೀತು. ಅಷ್ಟರಲ್ಲೂ ಎತ್ತರ ಸಾಲದಷ್ಟು ಬೆಳೆದ ಹುಡುಗನಿಗೆ ಅಂಗಡಿಯಲ್ಲಿ ಉದ್ದದ ಪಿಲ್ಲರ್ ಸಿಗುತ್ತದೆ. ಹಳೆಯದನ್ನು ಜೊತೆಗೆ ಒಯ್ದು ದಪ್ಪ ಹೋಲಿಸಿ ಕೊಳ್ಳಿ. ಅಳತೆ ಒಂದು ಮಿಲಿಮೀಟರ್ ಕಡಿಮೆಯಾದರೂ ಬೋಲ್ಟ್ ಎಷ್ಟು ಬಿಗಿದರೂ ಸೀಟು ಇಳಿಯುತ್ತಲೇ ಇರುತ್ತದೆ.